ಗುಂಯ್‌ಗುಡುವ ನಾಡಿ, ಕಾಯುವ ಬೆರಳು

ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ನಿಮ್ಮ ನಾಡಿ ಟಕ್ ಟಕ್ ಎನ್ನುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕೈ ಮೇಲೆ, ಫಿಸ್ಟುಲಾ ಮಾಡಿದ ಜಾಗದಲ್ಲಿ ಬೆರಳಿಟ್ಟು ನೋಡಿ. ಚರ್ಮದ ಕೆಳಗೆ ಏನೋ ಗುಂಯ್‌ಗುಡುತ್ತಿರುತ್ತದೆ! ಮುಷ್ಟಿಯೊಳಗೆ ದುಂಬಿ ಹಿಡಿದುಕೊಂಡ ಹಾಗೆ, ಹಗಲಿಲ್ಲ ರಾತ್ರಿಯಿಲ್ಲ, ಒಂದೇ ಸಮನೆ. ಸ್ಟೆತಾಸ್ಕೋಪ್ ಇಟ್ಟರಂತೂ ಭೋರೆಂಬ ಸದ್ದೇ ಕೇಳುತ್ತದೆ. ಮನುಷ್ಯನ ಮೈಯಲ್ಲಿ ಹುಟ್ಟಿನಿಂದ ಇಲ್ಲದ ಸದ್ದು ಇದು. ಶಸ್ತ್ರವೈದ್ಯರು ಅಪಧಮನಿಯನ್ನೂ ಅಭಿಧಮನಿಯನ್ನೂ ಕೂಡಿಸಿ ಹೊಲಿದದ್ದರಿಂದ ಹುಟ್ಟಿದ್ದು. ಈ ಸದ್ದು ಇದ್ದರೆ ಆ ವ್ಯಕ್ತಿಗೆ ಡಯಾಲಿಸಿಸ್ ಉಂಟು. ನಿಂತಿತೆಂದರೆ ಜೀವದ ದಾರಿಯೇ ಮುಚ್ಚಿತೆಂದು ತಿಳಿಯಬೇಕು.

ಆ ಸದ್ದನ್ನು ಕೇಳಿ ತಿಳಿಯುವವರು ಯಾರು? ನೆಫ್ರಾಲಜಿಸ್ಟ್ ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಇಲ್ಲಿ, ತಾಲ್ಲೂಕು ಆಸ್ಪತ್ರೆಯ ಬೆಳಗಿನ ಪಾಳಿಯಲ್ಲಿ, ಸೂಜಿ ಚುಚ್ಚುವ ಮೊದಲು ಮೂರು ಬೆರಳು ಒತ್ತಿ ಕಣ್ಣು ಕಿರಿದು ಮಾಡಿ ಒಂದು ಗಳಿಗೆ ನಿಲ್ಲುವವರು ನರ್ಸ್! ಗುಂಯ್‌ಗುಡುವಿಕೆ ನಿನ್ನೆಯಷ್ಟೇ ಇದೆಯೋ, ಮಂದವಾಗಿದೆಯೋ, ಟಕ್ ಟಕ್ ಎಂದು ಬರೀ ನಾಡಿಯ ಹಾಗೆ ಬಡಿಯುತ್ತಿದೆಯೋ? ಬಡಿತವಾಗಿ ಬದಲಾಗಿದ್ದರೆ ಮುಂದೆಲ್ಲೋ ರಕ್ತನಾಳ ಕಿರಿದಾಗುತ್ತಿದೆ ಎಂದರ್ಥ. ಯಂತ್ರ ಇನ್ನೂ ಏನನ್ನೂ ಹೇಳಿರುವುದಿಲ್ಲ. ಬೆರಳು ಆಗಲೇ ಹೇಳಿರುತ್ತದೆ.

ನಾನು ಈ ಲೇಖನಕ್ಕೆ ಕೈಹಾಕಿದ್ದು ಯಂತ್ರದ ಬೆರಗಿನಿಂದ. ಒಳಗೆ ಇಳಿದಷ್ಟೂ ಬೆರಗು ಯಂತ್ರದಿಂದ ಜರುಗಿ ಅದರ ಪಕ್ಕದಲ್ಲಿ ನಿಂತವರ ಕಡೆ ಹೋಯಿತು. ಕಿಡ್ನಿ ಕೈಕೊಟ್ಟವರನ್ನು ನೋಡಿಕೊಳ್ಳುವ ನರ್ಸ್‌ಗಳ ತಲೆಯಲ್ಲಿ ಎಷ್ಟೊಂದು ವಿದ್ಯೆ ತುಂಬಿದೆ! ಶರೀರಶಾಸ್ತ್ರ, ರಸಾಯನಶಾಸ್ತ್ರ, ನೀರಿನ ಗುಣ, ತೂಕದ ಲೆಕ್ಕ, ಅಡುಗೆಮನೆಯ ಗುಟ್ಟು, ಎಲ್ಲ ಒಟ್ಟಿಗೆ.

ನಾನು ಹೇಳುತ್ತಿರುವುದು ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಮಾತು. ರಾಯಚೂರು ಜಿಲ್ಲೆಯ ಈ ಮೂರು ಊರುಗಳನ್ನು ಒಂದೇ ಹೆದ್ದಾರಿ ಪೋಣಿಸಿದೆ. ಆ ತುದಿಯಿಂದ ಈ ತುದಿಗೆ 50 ಕಿಲೋಮೀಟರಿಗೆ ತುಸು ಹೆಚ್ಚು, ನಡುವೆ ಮಸ್ಕಿ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿ. ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯುವವರೆಗೂ ಭತ್ತ. ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ: 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಆ ಬಂಡೆಯೇ ಶಾಸನಗಳಲ್ಲಿ ಬರುವ ‘ದೇವಾನಾಂಪಿಯ’ ಎಂಬ ದೊರೆ ಎಂದರೆ ಅಶೋಕನೇ ಎಂದು ಜಗತ್ತಿಗೆ ತೋರಿಸಿಕೊಟ್ಟಿತು. ಅದೇ ದೊರೆ ಇನ್ನೊಂದು ಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು, ಮೂಲಿಕೆ ಇಲ್ಲದ ಕಡೆ ತರಿಸಿ ನೆಡಿಸಿದ್ದನ್ನು ಹೇಳಿಕೊಂಡಿದ್ದಾನೆ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೆ ಅದು ಇಂದಿಗೂ ಇದೆ. ಇದ್ದಲ್ಲಿಗೇ ಚಿಕಿತ್ಸೆ ತಲುಪಬೇಕು ಎಂಬ ಆಸೆಗೆ ಈ ನೆಲದಲ್ಲಿ ಎರಡು ಸಾವಿರ ವರ್ಷ ಮೀರಿದ ವಯಸ್ಸು!

ಈಗ ಆ ಹೆದ್ದಾರಿಯಲ್ಲಿ ವಾರಕ್ಕೆ ಎರಡು ಸಲ, ಮೂರು ಸಲ ಬಸ್ ಹತ್ತುವವರಿದ್ದಾರೆ. ಕೈಯಲ್ಲಿ ಬುತ್ತಿ, ಒಂದು ಹೊದಿಕೆ, ಪ್ಲಾಸ್ಟಿಕ್ ಚೀಲದಲ್ಲಿ ಫೈಲು. ಸಿಂಧನೂರು, ಲಿಂಗಸುಗೂರು ತಾಲ್ಲೂಕು ಆಸ್ಪತ್ರೆಗಳ ಡಯಾಲಿಸಿಸ್ ಘಟಕಗಳಿಗೆ ಹೊರಟವರು. ಒಂದು ಕಾಲಕ್ಕೆ ಇದಕ್ಕೆಲ್ಲ ದೂರದ ನಗರವೇ ಗತಿಯಾಗಿತ್ತು. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿದ್ದು ಜಿಲ್ಲಾ ಆಸ್ಪತ್ರೆಗಳಿಗಾಗಿ. ಕರ್ನಾಟಕದಲ್ಲಿ ಅದು ತಾಲ್ಲೂಕಿನವರೆಗೂ ಇಳಿದಿದೆ. ಯಂತ್ರ ಬಂದರಾಯಿತೇ? ಯಂತ್ರದ ಜೊತೆ ಅದನ್ನು ಬಲ್ಲವರೂ ಬರಬೇಕಲ್ಲ!

ಬಲ್ಲವರು ಏನನ್ನು ಬಲ್ಲರು ಎಂಬುದಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ಕಿಡ್ನಿಯ ವಿಚಾರ. ಬೆನ್ನಿನ ಕಡೆ, ಪಕ್ಕೆಲುಬಿನ ಮರೆಯಲ್ಲಿ, ಒಂದೊಂದೂ ಸುಮಾರು 150 ಗ್ರಾಂ ತೂಗುವ ಎರಡು ಮೂತ್ರಪಿಂಡಗಳು. ಒಂದೊಂದರಲ್ಲೂ ಸರಿಸುಮಾರು ಹತ್ತು ಲಕ್ಷ ನೆಫ್ರಾನ್‌ಗಳು, ಅಂದರೆ ಸೋಸುವ ಕಿರುನಳಿಕೆಗಳು. ದಿನಕ್ಕೆ ಎಷ್ಟು ನೀರು ಸೋಸುತ್ತವೆ ಹೇಳಿ ನೋಡೋಣ? 180 ಲೀಟರ್! ಅದರಲ್ಲಿ 178 ಲೀಟರಿಗೂ ಹೆಚ್ಚನ್ನು ಮೈಗೆ ಹಿಂತಿರುಗಿಸಿ, ಬೇಡದ್ದನ್ನು ಮಾತ್ರ ಒಂದೂವರೆ ಲೀಟರಿನಲ್ಲಿ ಹೊರಗೆ ಕಳಿಸುತ್ತವೆ. ಇಷ್ಟೇ ಎಂದುಕೊಳ್ಳಬೇಡಿ. ಹೊಸ ಕೆಂಪುಕಣ ಹುಟ್ಟಿಸು ಎಂದು ಎಲುಬಿನ ಮಜ್ಜೆಗೆ ಹೇಳಿಕಳಿಸುವುದು ಕಿಡ್ನಿಯೇ. ವಿಟಮಿನ್ ಡಿ ಕೆಲಸಕ್ಕೆ ಬರುವಂತೆ ಮಾಡಿ ಎಲುಬು ಕಾಯುವುದೂ ಅದೇ. ರಕ್ತದೊತ್ತಡದ ಹಿಡಿತ ಅದರ ಕೈಯಲ್ಲೇ. ಹಾಗಾಗಿ ಕಿಡ್ನಿ ಸೋತವರಿಗೆ ಉಚ್ಚೆ ಕಡಿಮೆಯಾಗುವುದಷ್ಟೇ ಅಲ್ಲ, ರಕ್ತ ಕಡಿಮೆಯಾಗುತ್ತದೆ, ಎಲುಬು ನೋಯುತ್ತದೆ, ಬಿ.ಪಿ. ಏರುತ್ತದೆ, ಮೈ ತುರಿಸುತ್ತದೆ, ಬಾಯಿ ರುಚಿ ಕೆಡುತ್ತದೆ. ಒಂದು ಅಂಗದ ರೋಗ ಮೈತುಂಬ ಮಾತಾಡುತ್ತದೆ. ಯಾವ ಮಾತು ಎಲ್ಲಿಂದ ಬಂತೆಂದು ಗುರುತಿಸುವುದೇ ಶುಶ್ರೂಷೆಯ ಮೊದಲ ಪಾಠ. ಮುಖ ಊದಿಕೊಂಡು ಬಂದವರನ್ನು, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ ಎಂದವರನ್ನು, ‘ಸುಸ್ತು’ ಎಂದಷ್ಟೇ ಹೇಳಿ ಬೆಂಚಿನ ಮೇಲೆ ಕೂತವರನ್ನು ನೋಡಿ ‘ಇವರ ಕ್ರಿಯಾಟಿನಿನ್ ಮಾಡಿಸಬೇಕು ಸರ್’ ಎಂದು ಕಿಡ್ನಿಯ ಸ್ಥಿತಿ ತಿಳಿಸುವ ಆ ರಕ್ತಪರೀಕ್ಷೆಯನ್ನು ವೈದ್ಯರಿಗೆ ನೆನಪಿಸಿದ ನರ್ಸ್ ಒಂದು ಜೀವದ ದಿಕ್ಕನ್ನೇ ಬದಲಿಸಿರಬಹುದು.

ಕಿಡ್ನಿ ಮಾಡುವ ಕೆಲಸವನ್ನು ಮೈಯ ಹೊರಗೆ ಮಾಡಿಸಬಹುದೆಂದು ಮೊದಲು ತೋರಿಸಿಕೊಟ್ಟ ಕಥೆ ಕೇಳಿದರೆ ಮೈ ಜುಂ ಎನ್ನುತ್ತದೆ. ಎರಡನೇ ಮಹಾಯುದ್ಧ, ನಾಜಿಗಳ ಹಿಡಿತದಲ್ಲಿದ್ದ ನೆದರ್ಲೆಂಡ್ಸ್, ಕಾಂಪೆನ್ ಎಂಬ ಸಣ್ಣ ಊರು. ಬೇಕಾದ ಸಾಮಾನು ಒಂದೂ ಸಿಗದ ಕಾಲ. ವಿಲ್ಲೆಮ್ ಕೋಲ್ಫ್ ಎಂಬ ತರುಣ ವೈದ್ಯ ಮಾಂಸದ ಸಾಸೇಜ್ ತುಂಬಲು ಬಳಸುವ ಸೆಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿದ. ಊರಿನ ಎನಾಮೆಲ್ ಕಾರ್ಖಾನೆಯ ನೆರವಿನಿಂದ ತೊಟ್ಟಿ ಮಾಡಿಸಿ, ಉಪ್ಪುನೀರು ತುಂಬಿ, ಉರುಳೆಯನ್ನು ಅದರಲ್ಲಿ ತಿರುಗಿಸಿದ. ಕೊಳವೆಯೊಳಗೆ ರೋಗಿಯ ರಕ್ತ! 1943ರಲ್ಲಿ ಆರಂಭ. ಮೊದಲ ಹದಿನೈದು ಹದಿನಾರು ರೋಗಿಗಳಲ್ಲಿ ಬಹುತೇಕ ಯಾರೂ ಉಳಿಯಲಿಲ್ಲ. ಆತ ಕೈಬಿಡಲಿಲ್ಲ. 1945ರಲ್ಲಿ, ಪ್ರಜ್ಞೆ ತಪ್ಪಿದ್ದ 67 ವರ್ಷದ ಹೆಂಗಸೊಬ್ಬಳು ಹನ್ನೊಂದು ತಾಸಿನ ಡಯಾಲಿಸಿಸ್ ಬಳಿಕ ಕಣ್ಣು ಬಿಟ್ಟಳು!

ಆದರೂ ಒಂದು ಗೋಡೆ ಅಡ್ಡ ಇತ್ತು. ಪ್ರತಿ ಸಲ ರಕ್ತನಾಳ ಕೊಯ್ದು ಕೊಳವೆ ಇಡಬೇಕು, ಹತ್ತಾರು ಸಲಕ್ಕೆ ನಾಳಗಳೇ ಮುಗಿದುಹೋಗುತ್ತಿದ್ದವು. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿನಲ್ಲೇ ಉಳಿಯುವ ಟೆಫ್ಲಾನ್ ಕೊಳವೆ ಅಳವಡಿಸಿದ. ಅದನ್ನು ಹಾಕಿಸಿಕೊಂಡ ಕ್ಲೈಡ್ ಶೀಲ್ಡ್ಸ್ ಎಂಬ ಕಾರ್ಮಿಕ ಹನ್ನೊಂದು ವರ್ಷ ಬದುಕಿದ. ಕೊಳವೆ ಬಂದ ಎರಡು ವರ್ಷಕ್ಕೆ ಅದೇ ಊರಲ್ಲಿ ಜಗತ್ತಿನ ಮೊದಲ ಹೊರರೋಗಿ ಡಯಾಲಿಸಿಸ್ ಕೇಂದ್ರ ತೆರೆಯಿತು. ಎಲ್ಲಿ ಗೊತ್ತೇ? ನರ್ಸ್‌ಗಳ ವಸತಿಗೃಹವೊಂದರ ನೆಲಮಾಳಿಗೆಯಲ್ಲಿ! ದಿನನಿತ್ಯದ ಚಿಕಿತ್ಸೆ ಅಲ್ಲಿ ಬಹುಬೇಗ ನರ್ಸ್‌ಗಳ ಕೈಗೆ ಬಂತು. ಮುಂದೆ 1966ರಲ್ಲಿ ನ್ಯೂಯಾರ್ಕಿನ ಬ್ರೇಷಿಯಾ, ಸಿಮಿನೊ ಮತ್ತು ಅವರ ಸಂಗಡಿಗರು ಹೊರಗಿನ ಕೊಳವೆಯೇ ಬೇಡ, ಮೈಯದೇ ರಕ್ತನಾಳಗಳನ್ನು ಕೂಡಿಸಿದರಾಯಿತು ಎಂದು ತೋರಿಸಿದರು. ಸಿಂಧನೂರಿನ ಮಂಚದ ಮೇಲೆ ಇಂದು ಗುಂಯ್‌ಗುಡುವ ಫಿಸ್ಟುಲಾ ಅದೇ.

ಅದು ಬಲಿಯುವುದಕ್ಕೆ ನರ್ಸ್‌ಗಳು ನೆನಪಿಡುವ ಲೆಕ್ಕ ಎಷ್ಟು ಚಂದ ಇದೆ ನೋಡಿ. ಎಲ್ಲ ಆರರ ಲೆಕ್ಕ. ಹೊಲಿದು 6 ವಾರ ಕಾಯಬೇಕು, ನಾಳ 6 ಮಿಲಿಮೀಟರ್ ಅಗಲವಾಗಬೇಕು, ಚರ್ಮದಿಂದ 6 ಮಿಲಿಮೀಟರಿಗಿಂತ ಆಳದಲ್ಲಿರಬಾರದು, ನಿಮಿಷಕ್ಕೆ 600 ಮಿಲಿಲೀಟರ್ ರಕ್ತ ಹರಿಯಬೇಕು. ಅಷ್ಟರವರೆಗೆ ರೋಗಿ ಮೆತ್ತನೆಯ ಚೆಂಡು ಅದುಮುತ್ತಾ ಕೂರಬೇಕು. ಆ ಕೈಯಲ್ಲಿ ಬಿ.ಪಿ. ನೋಡಬಾರದು, ರಕ್ತ ತೆಗೆಯಬಾರದು, ಸಲೈನ್ ಹಚ್ಚಬಾರದು, ಬಿಗಿ ಬಳೆ, ವಾಚು, ಕಡಗ ಬೇಡ, ತಲೆದಿಂಬಾಗಿ ಮಡಚಿ ಮಲಗಬಾರದು, ಭಾರ ಎತ್ತಬಾರದು. ಹಾಸಿಗೆಯಿಂದ ಏಳುತ್ತಲೇ ಮೊದಲ ಕೆಲಸ ಬೆರಳಿಟ್ಟು ನೋಡುವುದು. ಸದ್ದಿಲ್ಲದಿದ್ದರೆ ಆ ಗಳಿಗೆಯೇ ಆಸ್ಪತ್ರೆಗೆ. ತಾಸುಗಳ ಲೆಕ್ಕದಲ್ಲಿ ಹೋದರೆ ಕೆಲವೊಮ್ಮೆ ಉಳಿಸಿಕೊಳ್ಳಬಹುದು.

ಈಗ ಘಟಕದೊಳಗೆ ಬನ್ನಿ. ಮಂಚದ ಪಕ್ಕದಲ್ಲಿ ಎದೆಯೆತ್ತರದ ಯಂತ್ರ. ಅದರ ಬದಿಗೆ ನಿಲ್ಲಿಸಿದ, ಸುಮಾರು ಒಂದು ಅಡಿ ಉದ್ದದ ಪಾರದರ್ಶಕ ಕೊಳವೆ: ಡಯಲೈಸರ್. ಇದರೊಳಗೆ ಹತ್ತು ಸಾವಿರದಷ್ಟು ಟೊಳ್ಳು ಎಳೆಗಳಿವೆ! ಒಂದೊಂದರ ಒಳವ್ಯಾಸ ಮಿಲಿಮೀಟರಿನ ಐದನೇ ಒಂದು ಭಾಗ. ಎಳೆಗಳ ಒಳಗೆ ರಕ್ತ ಮೇಲಿಂದ ಕೆಳಗೆ, ಹೊರಗೆ ಡಯಾಲಿಸಿಸ್ ದ್ರಾವಣ ಕೆಳಗಿಂದ ಮೇಲಕ್ಕೆ. ಯೂರಿಯಾ, ಕ್ರಿಯಾಟಿನಿನ್, ಹೆಚ್ಚಾದ ಪೊಟ್ಯಾಸಿಯಂ ಎಳೆಯ ಗೋಡೆ ದಾಟಿ ಆಚೆ ಹೋಗುತ್ತವೆ. ಕೆಂಪುಕಣ, ಪ್ರೋಟೀನು ದೊಡ್ಡವು, ಅವು ಒಳಗೇ ಉಳಿಯುತ್ತವೆ. ನಿಮಿಷಕ್ಕೆ 250 ಮಿಲಿಲೀಟರ್ ರಕ್ತ ಎಂದು ಹಿಡಿಯಿರಿ. ಒಂದು ಸಲದ ಡಯಾಲಿಸಿಸ್ ನಾಲ್ಕು ತಾಸು, ಅಷ್ಟರಲ್ಲಿ 60 ಲೀಟರ್! ಮೈಯಲ್ಲಿರುವುದು ನಾಲ್ಕು ಲೀಟರಿನಷ್ಟು ರಕ್ತ. ಅಂದರೆ ಮಂಚದ ಮೇಲೆ ಮಲಗಿದವರ ರಕ್ತವೆಲ್ಲ ಹದಿನೈದು ಸಲ ಹೊರಗೆ ಹೋಗಿ ತೊಳೆದುಕೊಂಡು ಬರುತ್ತದೆ.

ಮತ್ತೆ ಆ ದ್ರಾವಣ! ನಿಮಿಷಕ್ಕೆ 500 ಮಿಲಿಲೀಟರ್, ಒಂದು ಸಲದ ಡಯಾಲಿಸಿಸ್‌ಗೆ 120 ಲೀಟರ್. ನಾವು ಕುಡಿಯುವ ನೀರಿನಲ್ಲಿ ದೋಷವಿದ್ದರೆ ಹೊಟ್ಟೆ, ಕರುಳು, ಕಿಡ್ನಿ ಎಷ್ಟೋ ತಡೆದುಕೊಳ್ಳುತ್ತವೆ. ಇಲ್ಲಿ ನೀರಿಗೂ ರಕ್ತಕ್ಕೂ ನಡುವೆ ಇರುವುದು ಒಂದು ತೆಳು ಪೊರೆ ಮಾತ್ರ. 1996ರಲ್ಲಿ ಬ್ರೆಜಿಲ್‌ನ ಕರುವಾರು ಎಂಬ ಊರಿನ ಡಯಾಲಿಸಿಸ್ ಕೇಂದ್ರಕ್ಕೆ ಪಾಚಿಯ ವಿಷ ಬೆರೆತ ಕೆರೆನೀರು ಸರಿಯಾಗಿ ಶುದ್ಧವಾಗದೆ ಬಂತು. ಐವತ್ತಕ್ಕೂ ಹೆಚ್ಚು ರೋಗಿಗಳು ಪ್ರಾಣ ಕಳೆದುಕೊಂಡರು. ರಾಯಚೂರು ಜಿಲ್ಲೆಯ ಕೊಳವೆಬಾವಿಗಳ ಗಡಸುನೀರು, ಫ್ಲೋರೈಡು ಯಾರಿಗೆ ಗೊತ್ತಿಲ್ಲ? ಅದೇ ನೆಲದ ನೀರನ್ನು ಮೆದುಗೊಳಿಸಿ, ಇದ್ದಿಲಿನ ತೊಟ್ಟಿ ದಾಟಿಸಿ, ಆರ್.ಓ. ಪೊರೆಯಲ್ಲಿ ಹಾಯಿಸಿ ರಕ್ತದ ಎದುರಿಗೆ ನಿಲ್ಲಿಸಬೇಕು. ಬೆಳಿಗ್ಗೆ ಮೊದಲ ರೋಗಿಯನ್ನು ಹಚ್ಚುವ ಮುಂಚೆ ಕ್ಲೋರಿನ್ ಪರೀಕ್ಷೆ. ಕ್ಲೋರಮೈನ್ ಉಳಿದಿದ್ದರೆ ಕೆಂಪುಕಣಗಳು ಒಡೆಯುತ್ತವೆ, ಗಡಸು ಉಳಿದಿದ್ದರೆ ರೋಗಿಗೆ ವಾಂತಿ, ತಲೆನೋವು, ಬಿ.ಪಿ. ಏರಿಕೆ. ಟೆಕ್ನೀಷಿಯನ್ ಹಾಗೂ ನರ್ಸ್ ಇಬ್ಬರಿಗೂ ಇದು ಗೊತ್ತಿರಬೇಕು. ಒಂದೇ ಸಮಯಕ್ಕೆ ಮೂರು ನಾಲ್ಕು ಮಂಚದವರಿಗೆ ಚಳಿ ನಡುಕ ಬಂದರೆ ರೋಗಿಗಳನ್ನು ನೋಡುವ ಜೊತೆಗೇ ನೀರನ್ನೂ ಅನುಮಾನಿಸಬೇಕು ಎಂಬ ಆ ಒಂದು ತಿಳಿವಳಿಕೆ ಎಷ್ಟು ಜನರನ್ನು ಉಳಿಸೀತು!

ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸಿದ ಸಾಧನ ಯಾವುದೆಂದರೆ ತೂಕದ ಯಂತ್ರ. ಹೌದು, ಬಾಗಿಲ ಪಕ್ಕದಲ್ಲಿ ಇಟ್ಟಿರುವ ಸಾದಾ ತೂಕದ ಯಂತ್ರ. ಉಚ್ಚೆ ಬರುವುದು ನಿಂತವರು ಕುಡಿದದ್ದೆಲ್ಲ ಮೈಯಲ್ಲೇ ಉಳಿಯುತ್ತದೆ. ಒಂದು ಲೀಟರ್ ನೀರು ಎಂದರೆ ಒಂದು ಕೆ.ಜಿ. ತೂಕ. ಹೆಚ್ಚುವರಿ ನೀರಿಲ್ಲದಾಗಿನ ತೂಕಕ್ಕೆ ಒಣತೂಕ ಎನ್ನುತ್ತಾರೆ. ಒಬ್ಬರ ಒಣತೂಕ 52 ಕೆ.ಜಿ. ಎಂದುಕೊಳ್ಳೋಣ. ಇವತ್ತು 55.2 ತೂಗಿದರು. ತೆಗೆಯಬೇಕಾದದ್ದು 3.2 ಲೀಟರ್. ನಾಲ್ಕು ತಾಸಿನಲ್ಲಿ ತೆಗೆದರೆ ತಾಸಿಗೆ 800 ಮಿಲಿಲೀಟರ್, ಮೈಯ ಪ್ರತಿ ಕೆ.ಜಿ.ಗೆ 15ಕ್ಕೂ ಹೆಚ್ಚು. ಆದರೆ 13 ದಾಟಿದರೆ ಹೃದಯಕ್ಕೆ ಏಟು! ಐದು ತಾಸು ಓಡಿಸಿದರೆ 12.3ಕ್ಕೆ ಇಳಿಯುತ್ತದೆ. ಇಲ್ಲವೇ ಇವತ್ತು 2.7 ಲೀಟರಿಗೆ ನಿಲ್ಲಿಸಿ ಉಳಿದದ್ದನ್ನು ಮುಂದಿನ ಪಾಳಿಗೆ ಬಿಡಬೇಕು. ವೈದ್ಯರನ್ನು ಕೇಳಿ ನಿರ್ಧರಿಸುವ ಮೊದಲೇ ಈ ಲೆಕ್ಕ ನರ್ಸ್ ತಲೆಯಲ್ಲಿ ಮುಗಿದಿರುತ್ತದೆ. ಒಂದು ನಿಮಿಷವೂ ಹಿಡಿಯುವುದಿಲ್ಲ.

ಮೂರನೇ ತಾಸು. ಘಟಕದ ಸದ್ದಡಗಿರುತ್ತದೆ, ಫ್ಯಾನು ತಿರುಗುತ್ತಿರುತ್ತದೆ, ಪಂಪು ಮೆಲ್ಲಗೆ ಉರುಳುತ್ತಿರುತ್ತದೆ. ಮೂಲೆಯ ಮಂಚದವರು ಆಕಳಿಸಿದರು. ಹೊರಗಿನವರಿಗೆ ಅದು ಬರೀ ಆಕಳಿಕೆ. ಬಲ್ಲವರಿಗೆ ಅದು ಎಚ್ಚರಿಕೆಯ ಗಂಟೆ! ಅಷ್ಟು ಹೊತ್ತು ಮಾತಾಡುತ್ತಿದ್ದವರು ಸುಮ್ಮನಾದರೇ? ಹಣೆಯಲ್ಲಿ ತಣ್ಣನೆ ಬೆವರು ಮೂಡಿತೇ? ‘ಹೊಟ್ಟೆ ಒಂಥರಾ ಆಗ್ತದವ್ವಾ’ ಎಂದರೇ? ಬಿ.ಪಿ. ಪಟ್ಟಿ ಉಬ್ಬಿ ಇಳಿದು ಅಂಕಿ ತೋರಿಸುವುದಕ್ಕೂ ಮೊದಲೇ ನರ್ಸ್ ನೀರು ತೆಗೆಯುವುದನ್ನು ನಿಲ್ಲಿಸಿ, ತಲೆಯ ಕಡೆ ತಗ್ಗಿಸಿ ಕಾಲು ಎತ್ತರಿಸಿರುತ್ತಾರೆ. 100 ಮಿಲಿಲೀಟರ್ ಸಲೈನ್ ಒಳಗೆ ಹೋಗುತ್ತದೆ. ಎರಡು ನಿಮಿಷಕ್ಕೆ ಮುಖಕ್ಕೆ ಕಳೆ ಬಂತು! ಡಯಾಲಿಸಿಸ್‌ನಲ್ಲಿ ಅತಿ ಹೆಚ್ಚು ಬರುವ ತೊಡಕು ಇದೇ, ಬಿ.ಪಿ. ಕುಸಿತ. ಅದನ್ನು ಆಕಳಿಕೆಯಲ್ಲೇ ಹಿಡಿಯುವುದನ್ನು ಯಾವ ಪುಸ್ತಕ ಎಷ್ಟು ಕಲಿಸೀತು? ಮಂಚದ ಪಕ್ಕ ನಿಂತು ಕಲಿಯಬೇಕು.

ಇಂಥವು ಇನ್ನೂ ಎಷ್ಟೋ. ಮೊದಲ ಸಲದವರಿಗೆ ನಾಲ್ಕು ತಾಸು ಓಡಿಸುವುದಿಲ್ಲ, ಎರಡು ತಾಸು, ಅದೂ ನಿಧಾನ. ವರ್ಷಗಟ್ಟಲೆ ಏರಿದ್ದ ಯೂರಿಯಾ ರಕ್ತದಲ್ಲಿ ಒಮ್ಮೆಲೇ ಇಳಿದರೆ ಮಿದುಳು ನೀರು ಹೀರಿ ಊದಿಕೊಳ್ಳುತ್ತದೆ, ತಲೆನೋವು, ವಾಂತಿ, ಫಿಟ್ಸ್ ಬರಬಹುದು. ಹೊರಗೆ ಹರಿಯುವ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಬೇಕು. ಆದರೆ ನಿನ್ನೆ ಹಲ್ಲು ಕೀಳಿಸಿಕೊಂಡು ಬಂದವರಿಗೆ? ಕೇಳದೆ ಹಾಕಿದರೆ ರಕ್ತ ನಿಲ್ಲದು. ಹಾಗಾಗಿ ‘ಎಲ್ಲಾರ ಬಿದ್ದಿರೇನು, ಹಲ್ಲು ಕಿತ್ತಿಸೀರೇನು, ತಿಂಗಳದ್ದು ಆಗೇದೇನವ್ವಾ’ ಎಂದು ಪ್ರತಿ ಸಲವೂ ಕೇಳಬೇಕು. ಹೆಪಟೈಟಿಸ್ ಬಿ ಇರುವವರಿಗೆ ಬೇರೆಯೇ ಯಂತ್ರ. ಇಲ್ಲದವರಿಗೆ ಲಸಿಕೆ, ಅದೂ ಸಾಮಾನ್ಯರಿಗೆ ಕೊಡುವುದರ ಇಮ್ಮಡಿ ಪ್ರಮಾಣ. 2024ರಲ್ಲಿ ಕರ್ನಾಟಕ ಸರ್ಕಾರ ಸರ್ಕಾರಿ ಘಟಕಗಳಲ್ಲಿ ಒಬ್ಬರಿಗೆ ಒಂದೇ ಸಲ ಬಳಸಿ ಬಿಸಾಡುವ ಡಯಲೈಸರ್ ಪದ್ಧತಿ ತಂದದ್ದು ದೊಡ್ಡ ಹೆಜ್ಜೆ. ಮುಂಚೆ ತೊಳೆದು, ರಾಸಾಯನಿಕ ತುಂಬಿಸಿಟ್ಟು, ಮತ್ತೆ ಅದೇ ರೋಗಿಗೆ ಬಳಸಬೇಕಿತ್ತು.

ಘಟಕದ ಹೊರಗೆ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು ಬಿಸಿಲು! ಈ ಬಿಸಿಲಿನಲ್ಲಿ ‘ನೀರು ಕಡಿಮೆ ಕುಡಿಯಿರಿ’ ಎಂದು ಹೇಳುವುದೆಂದರೆ ಎಷ್ಟು ಕಷ್ಟ. ಕೇಳುವವರಿಗೆ ಇನ್ನೂ ಕಷ್ಟ. ತೂಕದ ಯಂತ್ರದ ಮುಂದೆ ನಡೆಯುವ ಮಾತು ಹೀಗಿರುತ್ತದೆ:

‘ತಾತಾ, ಮೂರು ಕೆ.ಜಿ. ಏರ್ಯಾದ ನೋಡ್ರಿ. ಏನ್ ಕುಡುದ್ರಿ?’

‘ಏನಿಲ್ಲವ್ವಾ. ಬಿಸ್ಲು ಭಾಳ ಅದ. ಒಂದೀಟು ಮಜ್ಜಿಗಿ ಕುಡ್ದೆ.’

‘ಒಂದೀಟು ಅಂದ್ರ ಲೋಟಾದಾಗೋ, ತಂಬಿಗ್ಯಾಗೋ?’

‘ತಂಬಿಗ್ಯಾಗ...’

‘ಮಜ್ಜಿಗಿಗಿ ಉಪ್ಪು ಹಾಕಿದ್ರೇನು?’

ಆ ಕೊನೆಯ ಪ್ರಶ್ನೆಯಲ್ಲೇ ವಿದ್ಯೆಯೆಲ್ಲ ಇದೆ! ಬಾಯಾರಿಕೆಯ ಬೇರು ಉಪ್ಪಿನಲ್ಲಿದೆ. ಉಪ್ಪು ಬಿಡಿಸದೆ ನೀರು ಬಿಡಿಸಲಾಗದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಬಿಟ್ಟರೆ ಅರ್ಧ ದಾಹ ತಾನೇ ಇಳಿಯುತ್ತದೆ. ಉಳಿದ ಅರ್ಧಕ್ಕೆ ಉಪಾಯಗಳಿವೆ: ಬೆಳಿಗ್ಗೆಯೇ ದಿನದ ನೀರನ್ನು ಒಂದು ಬಾಟಲಿಗೆ ಅಳೆದಿಟ್ಟುಕೊಳ್ಳುವುದು, ಸಣ್ಣ ಲೋಟ ಬಳಸುವುದು, ಐಸಿನ ಚೂರು ಚೀಪುವುದು, ಬಾಯಿ ಮುಕ್ಕಳಿಸಿ ಉಗುಳುವುದು, ಮಾತ್ರೆಗಳನ್ನು ಊಟದ ಜೊತೆಯ ನೀರಿನಲ್ಲೇ ನುಂಗುವುದು.

ಅಡುಗೆಮನೆಯ ಇನ್ನೊಂದು ಗುಟ್ಟು ಪೊಟ್ಯಾಸಿಯಂ. ನಿಶ್ಶಕ್ತಿಯಾಗಿದೆ ಎಂದು ಪ್ರೀತಿಯಿಂದ ಎಳನೀರು ಕುಡಿಸುತ್ತೇವೆ, ಬಾಳೆಹಣ್ಣು, ಮೋಸಂಬಿ ರಸ ಕೊಡುತ್ತೇವೆ. ಕಿಡ್ನಿ ಸೋತವರಿಗೆ ಅದೇ ಪ್ರೀತಿ ಹೃದಯ ನಿಲ್ಲಿಸಬಹುದು! ಪೊಟ್ಯಾಸಿಯಂ ಏರಿದರೆ ಎದೆಬಡಿತ ತಾಳ ತಪ್ಪುತ್ತದೆ, ಕೆಲವೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ. ‘ಕಡಿಮೆ ಸೋಡಿಯಂ’ ಎಂದು ಅಂಗಡಿಯಲ್ಲಿ ಮಾರುವ ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ, ಒಳ್ಳೆಯದೆಂದು ಕೊಂಡವರು ಅಪಾಯವನ್ನೇ ಕೊಂಡಿರುತ್ತಾರೆ. ತರಕಾರಿ ಹೆಚ್ಚಿ, ಬಹಳ ನೀರಿನಲ್ಲಿ ನೆನೆಸಿ, ಬೇಯಿಸಿ, ಆ ನೀರು ಬಸಿದು ಚೆಲ್ಲಿದರೆ ಪೊಟ್ಯಾಸಿಯಂ ತಗ್ಗುತ್ತದೆ. ನಮ್ಮ ಭಾಗದ ಊಟದಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಇಲ್ಲದೆ ರೊಟ್ಟಿ ಇಳಿಯದು. ಅವುಗಳಲ್ಲಿ ಪೊಟ್ಯಾಸಿಯಂ, ರಂಜಕ ಎರಡೂ ಹೆಚ್ಚು. ಪೂರ್ತಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ. ಎಷ್ಟು, ಯಾವಾಗ, ಎಂದು ಹೇಳಿಕೊಡಬೇಕು. ಜೊತೆಗೆ, ಡಯಾಲಿಸಿಸ್ ಶುರುವಾದವರು ಪ್ರೋಟೀನು ಹೆಚ್ಚು ತಿನ್ನಬೇಕು, ಮೊಟ್ಟೆಯ ಬಿಳಿಭಾಗ ತಿನ್ನಬೇಕು. ಶುರುವಾಗುವ ಮುಂಚೆ ‘ಕಡಿಮೆ ತಿನ್ನಿ’ ಎಂದಿದ್ದ ಆಸ್ಪತ್ರೆಯೇ ಈಗ ‘ಹೆಚ್ಚು ತಿನ್ನಿ’ ಎಂದರೆ ಮನೆಯವರು ಗೊಂದಲಪಡದೇ ಇರುತ್ತಾರೆಯೇ? ಏಕೆಂದು ಕೂರಿಸಿಕೊಂಡು ಬಿಡಿಸಿ ಹೇಳುವವರೂ ನರ್ಸ್‌ಗಳೇ.

ಅದನ್ನು ಎಷ್ಟು ಭಾಷೆಗಳಲ್ಲಿ ಹೇಳಬೇಕು! ಸಿಂಧನೂರಿನ ಸುತ್ತ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಿವೆ, ಬಂಗಾಳಿ ನಿರಾಶ್ರಿತರ ಕ್ಯಾಂಪುಗಳಿವೆ. ಲಿಂಗಸುಗೂರು, ಮಸ್ಕಿ ಕಡೆ ತಾಂಡಾಗಳಿವೆ. ಕನ್ನಡ, ತೆಲುಗು, ಉರ್ದು, ಲಂಬಾಣಿ, ಬಂಗಾಳಿ. ಒಬ್ಬರಿಗೆ ಅನ್ನ, ಒಬ್ಬರಿಗೆ ಜೋಳದ ರೊಟ್ಟಿ, ಒಬ್ಬರಿಗೆ ಮೀನು. ಒಂದೇ ಪಟ್ಟಿ ಮುದ್ರಿಸಿ ಎಲ್ಲರ ಕೈಗೂ ಕೊಟ್ಟರೆ ಕೆಲಸವಾಗುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಡಯಾಲಿಸಿಸ್ ಘಟಕದ ಮಾತು. ನನ್ನ ಕಣ್ಣು ತೆರೆಸಿದ್ದು ಇದರಾಚೆಯ ಸಂಗತಿ. ವಾರಕ್ಕೆ 168 ತಾಸು. ಮೂರು ಸಲ ಡಯಾಲಿಸಿಸ್ ಆದರೂ ಯಂತ್ರದ ಜೊತೆ ಕಳೆಯುವುದು ಬರೀ 12 ತಾಸು! ಉಳಿದ 156 ತಾಸಿನಲ್ಲಿ ಜ್ವರ ಬಂದರೆ, ಭೇದಿಯಾದರೆ, ಬಿದ್ದು ಪೆಟ್ಟಾದರೆ ಅವರು ಹೋಗುವುದು ಹತ್ತಿರದ ಆರೋಗ್ಯ ಕೇಂದ್ರಕ್ಕೆ, ಊರಿನ ನರ್ಸಿಂಗ್ ಹೋಮಿಗೆ. ಅಲ್ಲಿನ ನರ್ಸ್‌ಗೆ ಈ ವಿದ್ಯೆ ಗೊತ್ತಿಲ್ಲದಿದ್ದರೆ? ಗುಂಯ್‌ಗುಡುವ ಕೈಗೇ ಸಲೈನ್ ಹಚ್ಚಿದರೆ? ಸುಸ್ತೆಂದು ಎರಡು ಬಾಟಲಿ ಏರಿಸಿದರೆ? ಡಯಾಲಿಸಿಸ್‌ಗೆಂದು ಕತ್ತಿನ ನಾಳಕ್ಕೆ ಹಾಕಿದ ಕ್ಯಾತಿಟರ್ ಬಿಚ್ಚಿ ಅದರಿಂದಲೇ ರಕ್ತ ತೆಗೆದರೆ?

ಇನ್ನೂ ಹಿಂದಕ್ಕೆ ಹೋಗಿ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋಲುತ್ತಿರುವ, ಆದರೆ ಡಯಾಲಿಸಿಸ್‌ಗೆ ಇನ್ನೂ ವರ್ಷಗಳಿರುವ ರೋಗಿ ಜನರಲ್ ವಾರ್ಡಿಗೆ ಬರುತ್ತಾರೆ. ಸಲೈನ್ ಎಲ್ಲಿ ಹಚ್ಚುವುದು? ಬಲಗೈಯವರಾದರೆ ಎಡಗೈ ಬಿಡಬೇಕು, ಮಣಿಕಟ್ಟಿನಿಂದ ಮೇಲಿನ ನಾಳಗಳನ್ನು ಮುಟ್ಟಬಾರದು, ಅಂಗೈ ಹಿಂಬದಿಯ ನಾಳ ಆರಿಸಬೇಕು. ಇವತ್ತು ಅವಸರದಲ್ಲಿ ಚುಚ್ಚಿ ಕೆಡಿಸಿದ ನಾಳ, ಐದು ವರ್ಷದ ಬಳಿಕ ಫಿಸ್ಟುಲಾ ಮಾಡಲು ಬೇಕಾದ ಅದೇ ನಾಳ! ಯಾರ ಹೆಸರೂ ಎಲ್ಲೂ ದಾಖಲಾಗದ ಉಪಕಾರ ಇದು. ಆ ರೋಗಿಗೂ ಗೊತ್ತಾಗುವುದಿಲ್ಲ, ಒಬ್ಬ ನರ್ಸ್ ಐದು ವರ್ಷದ ಹಿಂದೆ ತನ್ನ ಕೈಯನ್ನು ಕಾಪಾಡಿದ್ದರೆಂದು.

ಕಿಡ್ನಿ ವರ್ಷಗಟ್ಟಲೆ ಸೋಲುವುದಷ್ಟೇ ಅಲ್ಲ, ಒಮ್ಮೆಲೇ ಸೋಲುವುದೂ ಉಂಟು. ಭತ್ತದ ಗದ್ದೆಯಲ್ಲಿ ಕೊಳಕುಮಂಡಲ ಹಾವು ಕಚ್ಚಿತೆನ್ನಿ. ಅದರ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುತ್ತದೆ, ಕಿಡ್ನಿಯನ್ನೂ ಹೊಡೆಯುತ್ತದೆ. ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಡ. ಒಣಗಿದ, ಸ್ವಚ್ಛ ಗಾಜಿನ ನಳಿಕೆಗೆ ಎರಡು ಮಿಲಿಲೀಟರ್ ರಕ್ತ ಹಾಕಿ ಅಲ್ಲಾಡಿಸದೆ 20 ನಿಮಿಷ ಬಿಟ್ಟು, ಓರೆ ಮಾಡಿ ನೋಡಿದರೆ ಆಯಿತು. ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ! ತಾಸಿಗೆ ಎಷ್ಟು ಉಚ್ಚೆ ಬರುತ್ತಿದೆ ಎಂದು ಅಳೆದು ಬರೆಯುತ್ತಾ ಹೋಗಬೇಕು. 50 ಕೆ.ಜಿ. ತೂಕದವರಿಗೆ ತಾಸಿಗೆ 25 ಮಿಲಿಲೀಟರಿಗಿಂತ ಕಡಿಮೆಯಾದರೆ ಕಿಡ್ನಿ ಕಷ್ಟದಲ್ಲಿದೆ. ಆಗಲೇ ತಿಳಿಸಿದರೆ, ಸಮಯಕ್ಕೆ ಡಯಾಲಿಸಿಸ್ ಸಿಕ್ಕರೆ, ಇಂಥ ಕಿಡ್ನಿ ಎಷ್ಟೋ ಸಲ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಹಾವು ಕಡಿತ, ವಾಂತಿಭೇದಿ, ಹೆರಿಗೆಯ ರಕ್ತಸ್ರಾವ, ಇವುಗಳಿಂದ ಒಮ್ಮೆಲೇ ಸೋತ ಕಿಡ್ನಿ ಶಾಶ್ವತವಾಗಿ ಸೋತಿರಲೇಬೇಕೆಂದಿಲ್ಲ. ರಾತ್ರಿ ಪಾಳಿಯಲ್ಲಿ ಉಚ್ಚೆಯ ಚೀಲ ಎತ್ತಿ ಹಿಡಿದು ಅಂಕಿ ಓದಿ ಬರೆದುಕೊಳ್ಳುವ ಆ ಕೈಯ ಬೆಲೆ ಎಷ್ಟೆಂದು ಈಗ ಹೇಳಿ!

ನನ್ನ ತೀರ್ಮಾನ ಇದು: ತಾಲ್ಲೂಕಿಗೆ ಇನ್ನೂ ಎರಡು ಯಂತ್ರ ಬರಲಿ, ಬರಬೇಕು. ಆದರೆ ಮೂರೂ ತಾಲ್ಲೂಕುಗಳ ಪ್ರತಿ ವಾರ್ಡಿನ, ಪ್ರತಿ ಆರೋಗ್ಯ ಕೇಂದ್ರದ, ಪ್ರತಿ ಖಾಸಗಿ ಆಸ್ಪತ್ರೆಯ ಶುಶ್ರೂಷಾ ಸಿಬ್ಬಂದಿ ಕೆಲವು ದಿನವಾದರೂ ಡಯಾಲಿಸಿಸ್ ಘಟಕದಲ್ಲಿ ನಿಂತು ಕಲಿಯುವ ಏರ್ಪಾಡು ಅದಕ್ಕಿಂತ ಮೊದಲು ಆಗಬೇಕು. ನರ್ಸಿಂಗ್ ಶಾಲೆಗಳ ವಿದ್ಯಾರ್ಥಿಗಳನ್ನು ಪುಸ್ತಕದ ಪಾಠಕ್ಕಷ್ಟೇ ಬಿಡದೆ ತೂಕದ ಯಂತ್ರದ ಮುಂದೆ, ಫಿಸ್ಟುಲಾದ ಮೇಲೆ ಬೆರಳಿಡಿಸಿ ಕಲಿಸಬೇಕು. ಇದಕ್ಕೆ ಕೋಟಿ ರೂಪಾಯಿ ಬೇಡ, ಒಂದು ಆದೇಶ ಸಾಕು.

ಓದುವ ನಿಮಗೂ ಒಂದು ಮಾತು. ಸಕ್ಕರೆ ಕಾಯಿಲೆಯೋ ಬಿ.ಪಿ.ಯೋ ಇದ್ದರೆ, ನಡು ನೋವಿಗೆಂದು ವರ್ಷಗಟ್ಟಲೆ ಮಾತ್ರೆ ನುಂಗಿದ್ದರೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಎರಡು ಪರೀಕ್ಷೆ ಮಾಡಿಸಿಕೊಳ್ಳಿ: ರಕ್ತದಲ್ಲಿ ಕ್ರಿಯಾಟಿನಿನ್, ಉಚ್ಚೆಯಲ್ಲಿ ಪ್ರೋಟೀನು. ಮನೆಯಲ್ಲಿ ಡಯಾಲಿಸಿಸ್‌ನವರಿದ್ದರೆ ಮುಂದಿನ ಪಾಳಿಗೆ ಅವರ ಜೊತೆ ನೀವೂ ಹೋಗಿ, ಅಲ್ಲಿನ ಸಿಸ್ಟರನ್ನು ಕೇಳಿ ತಿಳಿದುಕೊಳ್ಳಿ. ಅವರು ಹೇಳಿಕೊಡುತ್ತಾರೆ.